ನಲವತ್ತರ ಶಿಷ್ಯ

ಒಂದು ವೃತ್ತಿಯಲ್ಲಿ ಹೆಸರು ಗಳಿಸಿದ ಮೇಲೆ ಮತ್ತೊಂದು ವಿದ್ಯೆಯ ಮುಂದೆ ಅಕ್ಷರಾಭ್ಯಾಸದ ಹುಡುಗನಂತೆ ಕೂರುವುದಕ್ಕೆ ಧೈರ್ಯ ಬೇಕು. ತಪ್ಪಿದರೆ ಲೋಕ ನಗುತ್ತದೆ. ಅದಕ್ಕಿಂತ ಹೆಚ್ಚಾಗಿ, ತನ್ನ ಕೆಲಸವೇ ಕೆಡುತ್ತದೆ. ಬಂಗಾಳದ ಚಲನಚಿತ್ರ ನಿರ್ದೇಶಕ ಸತ್ಯಜಿತ್ ರಾಯ್ ಅವರು 1961ರಲ್ಲಿ ‘ತೀನ್ ಕನ್ಯಾ’ ಚಿತ್ರಕ್ಕೆ ತಾವೇ ಸಂಗೀತವನ್ನು ರಚಿಸಿದಾಗ ಅವರಿಗೆ ನಲವತ್ತು ವರ್ಷ. ಅಷ್ಟರಲ್ಲಿ ಅವರ ಕೀರ್ತಿ ದೇಶದ ಎಲ್ಲೆಯನ್ನು ದಾಟಿ ಹೋಗಿತ್ತು. ಸಂಗೀತದಲ್ಲಿ ಮಾತ್ರ ಅವರು ಹೊಸಬರು.

ಅಲ್ಲಿಯವರೆಗೆ ಅವರ ಚಿತ್ರಗಳಿಗೆ ಸಂಗೀತ ನೀಡಿದವರು ಸಾಮಾನ್ಯರಲ್ಲ. 1955ರ ‘ಪಥೇರ್ ಪಾಂಚಾಲಿ’ಗೆ ರವಿಶಂಕರ್, 1958ರ ‘ಜಲ್ಸಾಘರ್’ಗೆ ವಿಲಾಯತ್ ಖಾನ್, 1960ರ ‘ದೇವಿ’ಗೆ ಅಲಿ ಅಕ್ಬರ್ ಖಾನ್. ಇಂಥ ಮಹನೀಯರು ಒಲಿದು ಬಂದಿರುವಾಗ ನಿರ್ದೇಶಕನು ತಾನೇ ಸ್ವರ ಜೋಡಿಸಲು ಹೊರಡುವುದು ಅಹಂಕಾರವಲ್ಲವೇ ಎಂದು ಯಾರಿಗಾದರೂ ಅನಿಸಬಹುದು. ಆದರೆ ಕಾರಣ ಬೇರೆಯೇ ಇತ್ತು.

‘ಪಥೇರ್ ಪಾಂಚಾಲಿ’ಯ ಸಂಗೀತವು ಮುದ್ರಣಗೊಂಡದ್ದು ಒಂದೇ ರಾತ್ರಿಯಲ್ಲಿ. ಕಛೇರಿಗಳ ನಡುವೆ ಬಿಡುವಿಲ್ಲದ ರವಿಶಂಕರರು ಚಿತ್ರದ ಸುಮಾರು ಅರ್ಧಭಾಗವನ್ನಷ್ಟೇ ನೋಡಿದ್ದರು. ಸುಮಾರು ಹನ್ನೊಂದು ಗಂಟೆಗಳ ಕಾಲ ನುಡಿಸುವವರೂ ದಣಿದರು, ನುಡಿಸುವಂತೆ ಕೇಳುವವರೂ ದಣಿದರು. ಮುಂದೆ ಎಲ್ಲಿಯಾದರೂ ಬೇಕಾದೀತೆಂದು ಬೇರೆ ಬೇರೆ ರಾಗಗಳಲ್ಲಿ, ಬೇರೆ ಬೇರೆ ಕಾಲಪ್ರಮಾಣದಲ್ಲಿ ಕೆಲವು ಬಿಡಿ ತುಣುಕುಗಳನ್ನೂ ನುಡಿಸಿಟ್ಟುಕೊಂಡರು. ಆ ರಾತ್ರಿಯ ಫಲವನ್ನು ಚಿತ್ರ ನೋಡಿದವರು ಮರೆಯಲಾರರು. ಊರಿಗೆ ಮರಳಿದ ಹರಿಹರನು, ಮಗಳು ದುರ್ಗಾ ತೀರಿಕೊಂಡದ್ದನ್ನು ಅರಿಯದೆ, ಅವಳಿಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗಿಡುತ್ತಾನೆ. ಸರ್ವಜಯಾ ಸೀರೆಯನ್ನು ಬಾಯಿಗೊತ್ತಿಕೊಂಡು ಕುಸಿಯುತ್ತಾಳೆ. ಅಳುವಿನ ದನಿ ಕೇಳಿಸುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿಯ ಸ್ವರವೊಂದು ಮೇಲಕ್ಕೇರಿ ಎದೆಯನ್ನು ಸೀಳುತ್ತದೆ. ತಾರ್ ಶಹನಾಯಿ ಹೆಸರಿಗೆ ಶಹನಾಯಿಯಾದರೂ ಕಮಾನಿನಿಂದ ನುಡಿಸುವ ತಂತಿವಾದ್ಯ. ದನಿ ಹಿಗ್ಗಲೆಂದು ಅದಕ್ಕೆ ತುತ್ತೂರಿಯಂಥ ಕೊಳವೆಯನ್ನು ಜೋಡಿಸಿರುತ್ತಾರೆ. ತಾಯಿಯ ಗಂಟಲಿನಿಂದ ಹೊರಡದ ಗೋಳನ್ನು ಅದು ಹೊರಡಿಸಿತು. ಚಿತ್ರದಲ್ಲಿ ಸಂಗೀತವು ಎಲ್ಲಿ ಮಾತನಾಡಬೇಕು, ಯಾರ ಬದಲಾಗಿ ಮಾತನಾಡಬೇಕು ಎಂಬುದರ ಮೊದಲ ಪಾಠ ಬಹುಶಃ ಇದೇ.

ಎರಡನೆಯ ಪಾಠವು ಕಹಿಯಾದದ್ದು. ರಾಗವು ಬೆಳೆಯುವ ಕ್ರಮ ಬೇರೆ, ಚಿತ್ರವು ಓಡುವ ಕ್ರಮ ಬೇರೆ. ಕಲಾವಿದನು ಆಲಾಪನೆಗೆ ತೊಡಗಿದರೆ ಒಂದು ಸ್ವರದ ಬಾಗಿಲು ತೆರೆಯಲು ಕಾಲು ಗಂಟೆ ಬೇಕು. ಚಿತ್ರದ ಸುರುಳಿಯಾದರೋ ಸೆಕೆಂಡಿಗೆ 24 ಚೌಕಟ್ಟುಗಳಂತೆ, ನಿಮಿಷಕ್ಕೆ 90 ಅಡಿಗಳಂತೆ ಓಡುತ್ತದೆ. ಹುಡುಗಿಯು ಮರದಿಂದ ಇಳಿದು ಮನೆಯ ಬಾಗಿಲು ಸೇರಲು ನಲವತ್ತು ಸೆಕೆಂಡು ಹಿಡಿದರೆ, ಸಂಗೀತವೂ ನಲವತ್ತು ಸೆಕೆಂಡಿನಲ್ಲಿ ಹುಟ್ಟಿ, ಬೆಳೆದು, ಮುಗಿಯಬೇಕು. ಬಾಗಿಲು ಮುಚ್ಚಿದ ಮೇಲೆ ಒಂದು ಮಾತ್ರೆಯೂ ಉಳಿಯಕೂಡದು. ಜೀವಮಾನವೆಲ್ಲ ವಿಸ್ತಾರವನ್ನೇ ಸಾಧಿಸಿದ ವಿದ್ವಾಂಸರಿಗೆ ಇದು ಉಸಿರು ಕಟ್ಟಿಸುವ ನಿಯಮ. ಭಾವದಲ್ಲೂ ಭೇದ ಬರುತ್ತಿತ್ತು. ‘ಜಲ್ಸಾಘರ್’ನ ದಿವಾಳಿಯೆದ್ದ ಜಮೀನುದಾರನ ಮೇಲೆ ವಿಲಾಯತ್ ಖಾನರ ಸಂಗೀತಕ್ಕೆ ತುಂಬು ಮರುಕ; ರಾಯರಿಗೆ ಮರುಕದ ಜೊತೆಗೆ ತುಸು ವ್ಯಂಗ್ಯವೂ ಬೇಕಾಗಿತ್ತು. ತನ್ನ ಮನಸ್ಸಿನಲ್ಲಿರುವುದನ್ನು ಅಂಥ ದೊಡ್ಡವರಿಗೆ ಬಿಡಿಸಿ ಹೇಳುವುದೂ ಕಷ್ಟ, ಹೇಳದೆ ಸುಮ್ಮನಿರುವುದೂ ಕಷ್ಟ.

ಹೀಗೆ ಅವರು ಶಿಷ್ಯರಾದರು. ಗುರುವೆಂದರೆ ಗ್ರಾಮಫೋನಿನ ತಟ್ಟೆಗಳು. ಬಾಲ್ಯದಿಂದಲೇ ಅವರಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು. ಶಾಂತಿನಿಕೇತನದಲ್ಲಿ ಚಿತ್ರಕಲೆ ಕಲಿಯಲು ಹೋದಾಗಲೂ ಅದು ಬಿಡಲಿಲ್ಲ. ಬೀಥೋವನ್, ಮೊಜಾರ್ಟರ ಕೃತಿಗಳನ್ನು ಕೇಳುವಾಗ ಅವುಗಳ ಮುದ್ರಿತ ಸ್ವರಲಿಪಿಯನ್ನು ಮುಂದಿಟ್ಟುಕೊಂಡು, ಕಿವಿಗೆ ಬಿದ್ದುದನ್ನು ಕಣ್ಣಿನಿಂದ ಹಿಂಬಾಲಿಸುತ್ತಿದ್ದರು. ಕಥೆ ಓದುವವರು ಕಥೆ ಓದುವಂತೆ ಅವರು ಸ್ವರಲಿಪಿಯನ್ನು ಓದುತ್ತಿದ್ದರು. ರಚನೆಗೆ ಕೈಹಾಕಿದಾಗ ಈ ಹವ್ಯಾಸವೇ ಬಂಡವಾಳವಾಯಿತು. ಮನಸ್ಸಿಗೆ ಹೊಳೆದ ಮಟ್ಟನ್ನು ಸಿಳ್ಳೆ ಹಾಕಿಯೋ ಪಿಯಾನೋದ ಮೇಲೆ ಬೆರಳಾಡಿಸಿಯೋ ಹಿಡಿದು, ಕೆಂಪು ಬಟ್ಟೆಯ ಹೊದಿಕೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ವರ್ತಕರು ಲೆಕ್ಕ ಬರೆಯುವಂಥ ಪುಸ್ತಕವದು! ಚಿತ್ರದ ಸಂಭಾಷಣೆ, ದೃಶ್ಯಗಳ ರೇಖಾಚಿತ್ರ, ಸ್ವರ ಎಲ್ಲವೂ ಅದರೊಳಗೇ. ಪಿಟೀಲಿನವರಿಗೆ ಪಾಶ್ಚಾತ್ಯ ಲಿಪಿ, ಸಿತಾರಿನವರಿಗೆ ಸರಿಗಮ. ಹೀಗೆ ಎರಡು ಬಗೆಯಲ್ಲಿ ಬರೆದು ಕೊಡಬೇಕಾಗುತ್ತಿತ್ತು. ಮೊದಮೊದಲು ಕೆಲಸ ಆಮೆಯ ನಡೆಯಲ್ಲಿ ಸಾಗಿತು. ಒಬ್ಬ ವಾದಕನು ಕ್ಷಣದಲ್ಲಿ ಹೊಳೆಯಿಸಿಕೊಳ್ಳುವುದಕ್ಕೆ ಇವರು ಸಂಜೆಗಳನ್ನೇ ತೆತ್ತಿರಬೇಕು.

1964ರ ‘ಚಾರುಲತಾ’ದಲ್ಲಿ ಕೈ ಪಳಗಿರುವುದು ಕಾಣುತ್ತದೆ. ರವೀಂದ್ರನಾಥರ ಗೀತೆಯೊಂದರ ಮಟ್ಟನ್ನು ಎತ್ತಿಕೊಂಡು, ಆ ದೊಡ್ಡ ಮನೆಯ ಒಂಟಿತನದೊಳಗೆ ಅದನ್ನು ಮೆಲ್ಲನೆ ಹರಿಯಬಿಟ್ಟರು. ಮರುವರ್ಷವೇ ‘ಷೇಕ್ಸ್‌ಪಿಯರ್ ವಾಲಾ’ ಎಂಬ ಮತ್ತೊಬ್ಬರ ಚಿತ್ರಕ್ಕೂ ಸಂಗೀತ ಒದಗಿಸಿದರು.

ಆದರೆ ಕನ್ನಡಿಗರಿಗೆ ಹೆಚ್ಚು ಸ್ವಾರಸ್ಯವೆನಿಸುವುದು 1969ರಲ್ಲಿ ತೆರೆಕಂಡ ‘ಗೂಪಿ ಗಾಯ್ನೆ ಬಾಘಾ ಬಾಯ್ನೆ’. ಕಥೆ ಅವರ ಅಜ್ಜ ಉಪೇಂದ್ರಕಿಶೋರರದು. ಹಾಡಲು ಬಾರದ ಗೂಪಿಯನ್ನು ಕತ್ತೆಯ ಮೇಲೆ ಕೂರಿಸಿ ಊರಿನಿಂದ ಓಡಿಸಲಾಗುತ್ತದೆ. ಕಾಡಿನಲ್ಲಿ ಭೂತಗಳ ರಾಜನು ಒಲಿದು, ಒಂದೇ ರಾತ್ರಿಯಲ್ಲಿ ಅವನಿಗೆ ಸಂಗೀತವನ್ನು ವರವಾಗಿ ಕೊಡುತ್ತಾನೆ. ಅದಕ್ಕೆ ಮೊದಲು ಭೂತಗಳು ಕುಣಿಯಬೇಕು. ಅವುಗಳಲ್ಲಿ ನಾಲ್ಕು ಪಂಗಡ. ಬಂಗಾಳದ ಚಿತ್ರದ ಈ ಕುಣಿತಕ್ಕೆ ರಾಯರು ಆರಿಸಿಕೊಂಡದ್ದು ದಕ್ಷಿಣದ ತಾಳವಾದ್ಯ ಕಛೇರಿಯನ್ನು. ರಾಜಭೂತಗಳಿಗೆ ಗಂಭೀರವಾದ ಮೃದಂಗ, ರೈತಭೂತಗಳಿಗೆ ಖಂಜಿರ, ಬಿಗಿದ ಮೈಯ ಬಿಳಿಯರ ಭೂತಗಳಿಗೆ ಘಟ, ಬೊಜ್ಜುಹೊಟ್ಟೆಯವಕ್ಕೆ ನಗೆ ಬರಿಸುವ ಮೋರ್ಸಿಂಗ್. ನಮ್ಮ ರಾಮೋತ್ಸವದ ಚಪ್ಪರದಲ್ಲಿ ‘ತನಿ’ ಕೇಳಿ ತಲೆದೂಗಿದವರಿಗೆ ಆ ನುಡಿಕಾರಗಳೆಲ್ಲ ಪರಿಚಿತವೇ. ಆರು ನಿಮಿಷಕ್ಕೂ ಮಿಕ್ಕಿದ ಆ ಕುಣಿತದಲ್ಲಿ ಅಷ್ಟು ವರ್ಷ ಕಷ್ಟಪಟ್ಟು ಕಲಿತ ಮಟ್ಟು, ರಾಗಗಳಲ್ಲಿ ಒಂದನ್ನೂ ಅವರು ಬಳಸಲಿಲ್ಲ. ತಾಳವಷ್ಟೇ ನುಡಿಯುತ್ತದೆ, ಭೂತಗಳು ಕುಣಿಯುತ್ತವೆ.