ಆ ಬೀದಿ ಸೆಟ್ ಅಲ್ಲ ಮಾರಾಯ್ರೇ!

ನರಸಿಂಹರಾಜಪುರದಲ್ಲಿ ಬಸ್ ಹತ್ತಿ, ಕೊಪ್ಪ ದಾಟಿ ಶೃಂಗೇರಿ ಕಡೆ ಹೊರಟೆ. ಅಡಿಕೆ ತೋಟ, ತಿರುವು, ಕಾಡು, ಮತ್ತೆ ಕಾಡು! ಕುವೆಂಪು 1904ರಲ್ಲಿ ಹುಟ್ಟಿದ ಹಿರೇಕೊಡಿಗೆ ಇದೇ ಕೊಪ್ಪ ತಾಲ್ಲೂಕಿನದು. ಬೆಳೆದದ್ದು ತೀರ್ಥಹಳ್ಳಿಯ ಕುಪ್ಪಳಿಯಲ್ಲಿ. ಅವರ ಕಾದಂಬರಿಗಳಲ್ಲಿ ಕಾಡೂ ಒಂದು ಪಾತ್ರ ಯಾಕಾಯ್ತು ಅಂತ ಕಿಟಕಿಯಾಚೆ ನೋಡಿದರೆ ಸಾಕು, ತಿಳಿಯುತ್ತೆ.

ಅನಂತಮೂರ್ತಿಯವರದೂ ತೀರ್ಥಹಳ್ಳಿ ಸೀಮೆಯೇ. ಹುಡುಗನಾಗಿದ್ದಾಗ ಸಂಸ್ಕೃತ ಕಲಿತ ದೂರ್ವಾಸಪುರದ ಹೆಸರನ್ನೇ ‘ಸಂಸ್ಕಾರ’ದ ಅಗ್ರಹಾರಕ್ಕೆ ಇಟ್ಟರು. ಮನೆಯ ಹುಡುಗನೇ ಮನೆಯನ್ನು ಪ್ರಶ್ನಿಸಿದರೆ ಸುಮ್ಮನಿರ್ತಾರಾ? ಪಟ್ಟಾಭಿರಾಮ ರೆಡ್ಡಿ ಅದನ್ನು ಚಿತ್ರ ಮಾಡಲು ಶೃಂಗೇರಿ ಹತ್ತಿರದ ವೈಕುಂಠಪುರಕ್ಕೇ ಬಂದರು. ಸೆನ್ಸಾರ್ ತಡೆಯಿತು; ಬಿಡುಗಡೆಯಾದ ಮೇಲೆ 1970ರ ಸ್ವರ್ಣಕಮಲ ಬಂತು!

ಊರಿನ ಅನ್ನ, ಊರಿನ ಮುನಿಸು ಎರಡನ್ನೂ ಉಂಡವನಿಗೇ ಇಂಥ ಕತೆ ದಕ್ಕೋದು. ‘ಸಂಸ್ಕಾರ’ ನೋಡುವಾಗ ಗಿರೀಶ್ ಕಾರ್ನಾಡರ ಹಿಂದಿರುವ ಬೀದಿಯನ್ನೂ ಒಮ್ಮೆ ನೋಡಿ.