ಐದನೆಯವನು ಬರುವ ತನಕ

ಮೈಸೂರಿನ ಕುಕ್ಕರಹಳ್ಳಿ ಕೆರೆ ದಾರಿಯಲ್ಲಿ ಬೆಳಿಗ್ಗೆ ಆರಕ್ಕೆ ಓಡುವ ಐದು ಜನ ನಾವು. ಇಬ್ಬರು ಮೆಕ್ಯಾನಿಕಲ್, ಒಬ್ಬಳು ಸಿವಿಲ್, ಒಬ್ಬ ಇ ಅಂಡ್ ಸಿ, ಇನ್ನೊಬ್ಬ ಕಂಪ್ಯೂಟರ್ ಸೈನ್ಸ್‌ನ ನಮ್ಮ ಕೊಡಗಿನವನು. ಕ್ಲಬ್ ಅಂತ ನಾವೇ ಹೇಳಿಕೊಳ್ಳುತ್ತೇವೆ. ನಿಜ ಹೇಳಬೇಕಂದ್ರೆ ಒಂದು ವಾಟ್ಸ್ಯಾಪ್ ಗ್ರೂಪ್ ಇದೆ, ಅಷ್ಟೇ. ಅದರಲ್ಲೂ ಅರ್ಧ ಮೆಸೇಜು 'ಇವತ್ತು ಬರಲ್ಲ, ಇಂಟರ್ನಲ್ಸ್ ಇದೆ' ಅಂತ. ಐವರಲ್ಲಿ ಜೋರು ಓಟಗಾರ ಕೊಡಗಿನವನೇ. ಅವನ ಹಿಂದೆ ಓಡಿ ಓಡಿ ಅವನ ಟೀ ಶರ್ಟಿನ ಬೆನ್ನಲ್ಲಿ ಏನು ಬರೆದಿದೆ ಅನ್ನೋದು ನಮಗೆಲ್ಲ ಬಾಯಿಪಾಠ. 'ಬರೀರಿ, ಆದ್ರೆ ನನ್ನ ಹೆಸರು ಬೇಡ, ಊರಿನ ಹೆಸರೂ ಬೇಡ' ಅಂದಿದ್ದಾನೆ. ಹಾಗಾಗಿ ಇಲ್ಲಿ ಅವನು ಕೊಡಗಿನವನು, ಅಷ್ಟೇ.

ಕಳೆದ ಮೇ ತಿಂಗಳಲ್ಲಿ ಅವನೇ ಹೇಳಿದ: 'ನಮ್ಮ ಕಡೆ ಒಂದು ಓಟ ಇದೆ. ಪ್ರತಿ ವರ್ಷ ಬೇಸಿಗೇಲಿ, ಸಂಜೆ ಹೊತ್ತು. ತಂಡಕ್ಕೆ ಐದು ಜನ ಬೇಕು. ಬರ್ತೀರಾ?' ಊಟ ಇದೆಯಾ ಅಂತ ಕೇಳಿದ್ವಿ. ಇದೆ ಅಂದ. ಹೊರಟ್ವಿ.

ಬಸ್ಸಿನಲ್ಲಿ ಹುಣಸೂರು ದಾಟುವಷ್ಟರಲ್ಲಿ ನಿಯಮ ಪೂರ್ತಿ ಕೇಳಿಕೊಂಡಿದ್ವಿ. ನೀವು ಇಂಟರ್ ಕಾಲೇಜ್ ಗುಡ್ಡಗಾಡು ಓಟ ನೋಡಿದ್ರೆ ಗೊತ್ತಿರುತ್ತೆ: ಎಷ್ಟನೆಯವರಾಗಿ ಬಂದಿರೋ ಅದೇ ನಿಮ್ಮ ಅಂಕ, ತಂಡದವರ ಅಂಕ ಕೂಡಿಸಬೇಕು, ಕಡಿಮೆ ಇದ್ದವರು ಗೆದ್ದ ಹಾಗೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆರು ಜನ ಓಡಿ, ಮೊದಲು ಬಂದ ನಾಲ್ವರದ್ದು ಮಾತ್ರ ಲೆಕ್ಕಕ್ಕೆ ತಗೋತಾರೆ. ಈ ಊರಲ್ಲಿ ಹಾಗಿಲ್ಲ, ಐದಕ್ಕೆ ಐದೂ ಲೆಕ್ಕ. ಗಂಡು, ಹೆಣ್ಣು, ವಯಸ್ಸು ಯಾವುದನ್ನೂ ಕೇಳಲ್ಲ. ಐದನೆಯವನು ಬರುವ ತನಕ ತಂಡ ಬಂದ ಹಾಗಲ್ಲ. ಇದು ಯಾಕೆ ಹೀಗೆ ಅಂದರೆ ಅವನು 'ನಮ್ಮಲ್ಲಿ ಹಾಕಿನೂ ಹಂಗೇ' ಅಂದ. ಕೊಡವರ ಕುಟುಂಬಗಳ ನಡುವಿನ ಹಾಕಿ ಹಬ್ಬ ಪೇಪರಲ್ಲಿ ಓದಿರ್ತೀರಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಶುರು ಮಾಡಿದ್ದು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡ ಬಂದು ಗಿನ್ನೆಸ್ ದಾಖಲೆ ಆಯ್ತು. ಅಲ್ಲಿ ಒಂದು ಮನೆತನ ಅಂದ್ರೆ ಒಂದು ತಂಡ. ಚೆನ್ನಾಗಿ ಆಡುವವರನ್ನು ಹೊರಗಿನಿಂದ ತರೋ ಹಾಗಿಲ್ಲ, ಮನೆಯಲ್ಲಿ ಯಾರಿದ್ದಾರೋ ಅವರೇ.

ನಮಗೆ ಆವಾಗ ಇದ್ಯಾವುದೂ ತಲೆಗೆ ಹೋಗಲಿಲ್ಲ. ಒಂಬತ್ತು ತಂಡ, 45 ಜನ. ಕೊಡಗಿನವನು ಐದರೊಳಗೆ ಬಂದರೆ, ಉಳಿದವರು ಸುಮಾರಾಗಿ ಬಂದರೂ ಸಾಕು. ಇ ಅಂಡ್ ಸಿ ಯವನು ಫೋನಿನಲ್ಲಿ ಲೆಕ್ಕ ಹಾಕಿ 'ಗ್ಯಾರಂಟಿ ಕಪ್' ಅಂದ. ಕಪ್ ಅಲ್ಲ, ಬಾಳೆಗೊನೆ ಕೊಡ್ತಾರೆ ಅಂತ ಕೊಡಗಿನವನು ತಿದ್ದಿದ.

ಮಡಿಕೇರಿಯಿಂದ ಸೋಮವಾರಪೇಟೆ ರಸ್ತೆ ಹಿಡಿದರೆ ಮಕ್ಕಂದೂರು, ಹಟ್ಟಿಹೊಳೆ, ಆಮೇಲೆ ಮಾದಾಪುರ. ಆ ರಸ್ತೆಯಿಂದ ಒಳಗೆ ಹೋಗಬೇಕು. ಎರಡೂ ಕಡೆ ಕಾಫಿ ತೋಟ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಮೈಸೂರಿನ ಬಿಸಿಲಿನಿಂದ ಬಂದ ನಮಗೆ ಎಸಿ ರೂಮಿಗೆ ಹೊಕ್ಕ ಹಾಗಾಯ್ತು. ಶಾಲೆ ಮೈದಾನದಲ್ಲಿ ಮೇಜು ಹಾಕಿಕೊಂಡು ಒಬ್ಬರು ಆಂಟಿ ರಿಜಿಸ್ಟರ್ ಬರೆಸಿಕೊಳ್ಳುತ್ತಿದ್ದರು. ಹೆಸರು, ವಯಸ್ಸು, ಊರು. ಕೊಡಗಿನವನು 'ಊರು' ಅನ್ನುವ ಕಡೆ ಅದೇ ಹಳ್ಳಿಯ ಹೆಸರು ಬರೆದ. 'ಏನೋ, ನಿಂದು ಕುಶಾಲನಗರ ಅಲ್ವಾ?' ಅಂತ ಕಾಲೆಳೆದ್ವಿ. ಅವನು ಪೆನ್ನು ಮುಂದಿನವನ ಕೈಗೆ ಕೊಟ್ಟ. ಆಂಟಿ ನಮ್ಮನ್ನೊಮ್ಮೆ ನೋಡಿ, ಏನೂ ಹೇಳದೆ ನಂಬರ್ ಚೀಟಿ ಕೊಟ್ಟರು.

ಕೊಡಗು ಅಂದ ಮೇಲೆ ಕೋವಿ ಹಾರಿಸಿ ಓಟ ಶುರು ಮಾಡ್ತಾರೆ ಅಂತ ಫೋನ್ ಹಿಡಿದು ವಿಡಿಯೋಗೆ ಕಾಯ್ತಾ ನಿಂತಿದ್ವಿ. ಪಿಟಿ ಮೇಷ್ಟ್ರು ಬಂದು ವಿಸಿಲ್ ಊದಿದರು. ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬ ನಿವೃತ್ತ ಸೈನಿಕರು ಹಳೇ ಬಿಳಿ ಕ್ಯಾನ್ವಾಸ್ ಶೂನಲ್ಲಿ ನಿಂತಿದ್ದರು. ನಮ್ಮ ಮೆಕ್ಯಾನಿಕಲ್ ಇಬ್ಬರೂ ಆ ಶೂ ನೋಡಿ ನಕ್ಕಿದ್ದರು. ಇದನ್ನು ಬರೆಯಲೇಬೇಕು ಅಂತ ಅವರಿಬ್ಬರೇ ಹೇಳಿದ್ದಾರೆ.

ಓಟ ಎಂಟು ಕಿಲೋಮೀಟರ್ ಅಂತ ಹೇಳಿದ್ದರು. ನಮ್ಮ ವಾಚುಗಳು 7.4 ಅಂದವು, 7.7 ಅಂದವು, ಒಂದು ಮಾತ್ರ 8.1. ಮರಗಳ ನೆರಳಲ್ಲಿ ಜಿಪಿಎಸ್ ಸಿಗ್ನಲ್ ಸರಿಯಾಗಿ ಸಿಗಲ್ಲ, ಸುತ್ತು ರಸ್ತೆಯ ತಿರುವುಗಳನ್ನು ವಾಚ್ ಅಡ್ಡ ಕತ್ತರಿಸಿ ನೇರ ಮಾಡಿಬಿಡುತ್ತೆ. ಊರಿನವರಿಗೆ ಇದರ ಚಿಂತೆ ಇಲ್ಲ. ಶಾಲೆಯಿಂದ ಹೊರಟು ಗುಡ್ಡ ಹತ್ತಿ, ಆ ಕಡೆಯಿಂದ ಇಳಿದು ಮತ್ತೆ ಶಾಲೆಗೆ ಬರಬೇಕು. ಅಷ್ಟೇ ಅಳತೆ. ಮೊದಲ ಮೂರು ಕಿಲೋಮೀಟರ್ ಬರೀ ಏರು. ಕೆರೆ ಸುತ್ತ ಸಮತಟ್ಟು ದಾರಿಯಲ್ಲಿ ಓಡಿ ಗಳಿಸಿದ್ದ ಪೊಗರೆಲ್ಲ ಎರಡನೇ ತಿರುವಿನಲ್ಲೇ ಇಳಿದುಹೋಯ್ತು. ಕೊಡಗಿನವನು ಮಾತ್ರ ಮುಂದೆ, ಎಂದಿನ ಹಾಗೆ, ಬರೀ ಬೆನ್ನು ತೋರಿಸಿಕೊಂಡು.

ಏರು ಮುಗಿಯುವ ಹತ್ತಿರ ಒಂದು ದೊಡ್ಡ ತಿರುವು ಇದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತಂತಿಬಲೆಯಲ್ಲಿ ಕಲ್ಲು ತುಂಬಿ ಕಟ್ಟಿದ ಹೊಸ ತಡೆಗೋಡೆ. ಅಲ್ಲಿ ಅವನು ನಿಂತಿದ್ದ. ಗೋಡೆ ಮೇಲೆ ಕೈ ಇಟ್ಟು ಕೆಳಗೆ ನೋಡ್ತಿದ್ದ.

ನಾವು ನಾಲ್ವರೂ ಅವನನ್ನು ದಾಟಿದೆವು. ಒಬ್ಬ 'ಬಾರೋ' ಅಂತ ಕೂಗಿ ಹೋದ. ಇನ್ನೊಬ್ಬ ಕಾಲು ಹಿಡಿದಿರಬೇಕು ಅಂದುಕೊಂಡ. ಮತ್ತೊಬ್ಬ ಶೂ ಲೇಸ್ ಬಿಚ್ಚಿರಬೇಕು ಅಂದುಕೊಂಡ, ಕೈ ಗೋಡೆ ಮೇಲಿದ್ದದ್ದು ಕಂಡಿತ್ತು, ಆದರೂ ಹಾಗಂದುಕೊಂಡ. ಸಿವಿಲ್‌ನವಳು ಸ್ವಲ್ಪ ನಿಧಾನ ಮಾಡಿದಳು. ಅವನು ಹೋಗು ಅಂತ ಕೈ ಆಡಿಸಿದ, ಅವಳೂ ಹೋದಳು. ಇದನ್ನೆಲ್ಲ ಆ ರಾತ್ರಿ ಒಬ್ಬರಿಗೊಬ್ಬರು ಹೇಳಿಕೊಂಡ ಮೇಲೆ ಗೊತ್ತಾಗಿದ್ದು. ಓಡುವಾಗ ಪ್ರತಿಯೊಬ್ಬರಿಗೂ ತಾವೊಬ್ಬರೇ ದಾಟಿದ್ದು, ಹಿಂದೆ ಬರುವವರು ನಿಲ್ತಾರೆ ಅನ್ನೋ ನಂಬಿಕೆ.

ನಮ್ಮ ಸ್ಥಾನ 6, 9, 14, 22. ಒಟ್ಟು 51. ಗೆರೆ ಹತ್ತಿರ ನಿಂತು, ಮೊಣಕಾಲ ಮೇಲೆ ಕೈ ಇಟ್ಟು, ಬೆಲ್ಲದ ಕಾಫಿ ಕುಡಿದು, ಅವನಿಗೆ ಕಾದೆವು. ಮೂವತ್ತನೆಯವರು ಬಂದರು. ನಲವತ್ತನೆಯವರು ಬಂದರು. ಆ ಹೊತ್ತಿಗೆ ನಮಗೆ ಗಾಬರಿ ಆಗಬೇಕಿತ್ತು. ಆಗಿದ್ದು ಸಿಟ್ಟು. 'ಇಲ್ಲಿ ತನಕ ಕರ್ಕೊಂಡು ಬಂದು ಹೀಗಾ ಮಾಡೋದು' ಅಂತ ನಮ್ಮಲ್ಲೊಬ್ಬ ಬಾಯಿಬಿಟ್ಟೇ ಅಂದ, ಉಳಿದವರು ತಲೆಯಾಡಿಸಿದೆವು. ಕೊನೆಗೆ ಅವನು ಬಂದ, 43ನೆಯವನಾಗಿ. ಜೊತೆಯಲ್ಲೇ 44ನೆಯವರು, ಕ್ಯಾನ್ವಾಸ್ ಶೂ ಅಂಕಲ್. ಇಬ್ಬರೂ ಮಾತಾಡಿಕೊಂಡು ನಿಧಾನ ಓಡಿ ಬರ್ತಿದ್ದರು. ಮೈದಾನದಲ್ಲಿದ್ದವರು ಗೆದ್ದವನಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು.

'ಏನಾಯ್ತೋ?' ಅಂತ ನಾವು ಕೇಳಿದ್ವಿ. ಕೇಳಿದ ದನಿ ಹೇಗಿತ್ತು ಅಂತ ನಮಗೆ ಗೊತ್ತು. ಅಂಕಲ್‌ದು ಊರಿನದೇ ತಂಡ, ಅವರಿಂದಾಗಿ ಅವರ ತಂಡವೂ ಕೆಳಗೆ ಹೋಗಿತ್ತು. ಅವರ ತಂಡದವರು ಯಾರೂ ಏನೂ ಕೇಳಲಿಲ್ಲ. ಒಬ್ಬ ಹುಡುಗ ಬಂದು ಇಬ್ಬರಿಗೂ ನೀರು ಕೊಟ್ಟ.

ಗೆದ್ದ ತಂಡದ ಅಂಕ 61. ನಮ್ಮದು 94.

ಬಹುಮಾನ ಕೊಡುವಾಗ ಬಾಳೆಗೊನೆಯೇ ಯಾಕೆ ಅಂತ ಅಂಕಲ್ ನಮಗೆ ವಿವರಿಸಿದರು, ನಾವು ನಕ್ಕಿದ್ದು ಅವರಿಗೆ ಗೊತ್ತಿತ್ತೋ ಏನೋ, ಅದನ್ನು ತೋರಿಸಿಕೊಳ್ಳಲಿಲ್ಲ. ಹಿಂದೆ ಕೊಡಗಿನಲ್ಲಿ ಭತ್ತದ ನಾಟಿ ಮುಗಿಯುವಾಗ ಎಲ್ಲಕ್ಕಿಂತ ದೊಡ್ಡ ಗದ್ದೆಯಲ್ಲಿ ಉದ್ದಕ್ಕೂ ಒಂದು ಪಟ್ಟಿ ನೆಡದೆ ಬಿಡ್ತಿದ್ದರು. ಕೆಲಸ ಮಾಡಿದ ಗಂಡಸರೆಲ್ಲ ಆ ಕೆಸರಲ್ಲಿ ಓಡಬೇಕು. ಅದೇ ನಾಟಿ ಓಟ. ವಾಪಸ್ ಬಂದ ಮೇಲೆ ಹುಡುಕಿದರೆ 1870ರಲ್ಲಿ ರಿಕ್ಟರ್ ಅನ್ನುವವರು ಬರೆದ ಕೊಡಗಿನ ಮ್ಯಾನ್ಯುವಲ್‌ನಲ್ಲೂ ಇದು ಸಿಕ್ಕಿತು. ಮೊದಲು ಬಂದವನಿಗೆ ಬಟ್ಟೆ, ಎರಡನೆಯವನಿಗೆ ಬಾಳೆಗೊನೆ, ಮೂರನೆಯವನಿಗೆ ಹಲಸಿನ ಹಣ್ಣು. ಈಗ ಮಳೆಗಾಲದಲ್ಲಿ ಊರೂರಲ್ಲಿ ನಡೆಯುವ ಕೆಸರುಗದ್ದೆ ಆಟಗಳಿಗೂ ಅದಕ್ಕೂ ನಂಟಿದೆ. ಈ ರಸ್ತೆ ಓಟ ಬೇಸಿಗೆಯದು, ಬಾಳೆಗೊನೆ ಮಾತ್ರ ಗದ್ದೆಯಿಂದ ರಸ್ತೆಗೆ ಬಂದಿದೆ.

ಆಮೇಲೆ ಅಂಕಲ್ ಕೊಡಗಿನವನ ಕಡೆ ತಿರುಗಿ, 'ಇವರಿಗೆ ಮನೆ ಜಾಗ ತೋರಿಸಿದ್ಯಾ?' ಅಂದರು.

ತೋರಿಸಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ. ಎರಡು ವರ್ಷ ಒಟ್ಟಿಗೆ ಓಡಿದ್ದೇವೆ, ಅವನ ಪೇಸ್ ಎಷ್ಟು ಅಂತ ಸೆಕೆಂಡ್ ಲೆಕ್ಕದಲ್ಲಿ ಗೊತ್ತು. ಮನೆ ಕುಶಾಲನಗರ ಅಂದಿದ್ದ, ನಾವು ಸರಿ ಅಂದಿದ್ವಿ.

ಸಂಜೆ ಆರೂಕಾಲಿಗೆ ಐದೂ ಜನ ಅದೇ ಏರು ಹತ್ತಿ ನಡೆದೆವು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದು ನಮಗೆಲ್ಲ ನೆನಪಿತ್ತು. ಆಗ ಆರನೇ, ಏಳನೇ ಕ್ಲಾಸು. ಟಿವಿಯಲ್ಲಿ ಒಂದು ಮನೆ ನಿಂತ ಹಾಗೇ ಜಾರಿ ಹೋಗುವ ವಿಡಿಯೋ ಮತ್ತೆ ಮತ್ತೆ ತೋರಿಸ್ತಿದ್ದರು. ಶಾಲೆಯಲ್ಲಿ ಅಕ್ಕಿ, ಬಟ್ಟೆ ಸಂಗ್ರಹ ಮಾಡಿದ್ದರು, ನಾವೂ ಕೊಟ್ಟಿದ್ವಿ. ಅದು ಯಾರಿಗೆ ಹೋಯ್ತು ಅಂತ ಯೋಚಿಸಿದವರಲ್ಲ.

ತಿರುವಿನಲ್ಲಿ ಅವನು ಗೋಡೆ ಹತ್ತಿರ ನಿಂತು ಕೆಳಗೆ ಬೆರಳು ತೋರಿಸಿದ. 'ಆ ಹಲಸಿನ ಮರ ಕಾಣುತ್ತಲ್ಲ, ಅದು ನಮ್ಮ ಮನೆ ಹಿಂದೆ ಇದ್ದಿದ್ದು. ಮರ ಉಳಿದಿದೆ.' ಮರದ ಮುಂದೆ ಹುಲ್ಲು, ಪೊದೆ, ಇಳಿಜಾರು. ಮನೆ ಇತ್ತು ಅನ್ನೋದಕ್ಕೆ ಒಂದು ಇಟ್ಟಿಗೆಯೂ ಕಾಣಲಿಲ್ಲ. ಹಿಂದಿನ ರಾತ್ರಿಯೇ ಎಲ್ಲರೂ ನೆಂಟರ ಮನೆಗೆ ಹೋಗಿದ್ದರಂತೆ. ಅವನ ತಾಯಿ ಹೊರಡಲು ಒಪ್ಪದೆ ಹಟ ಹಿಡಿದರು ಅಂದ. (ಕೊಡವ ತಕ್ಕ್‌ನಲ್ಲಿ ತಾಯಿ ಅಂದರೆ ಅಜ್ಜಿ, ಅಮ್ಮನಿಗೆ ಅವ್ವ. ಅರ್ಧ ಕತೆ ಕೇಳುವ ತನಕ ನಾವು ಅವರಮ್ಮ ಅಂತಲೇ ತಿಳಿದಿದ್ವಿ.) 'ನಾಯಿ ಕಟ್ಟಿ ಹಾಕಿ ಬಂದಿದ್ವಿ. ನಾಳೆ ಬಂದು ಕರ್ಕೊಂಡು ಹೋಗೋಣ ಅಂತ.' ಅದನ್ನು ಹೇಳಿ ಸುಮ್ಮನಾದ.

ಸಿವಿಲ್‌ನವಳು ಬಹಳ ಹೊತ್ತಾದ ಮೇಲೆ ಗೋಡೆಯಲ್ಲಿ ನೀರು ಹೋಗುವ ಜಾಗ ನೋಡಿ ಮಾತಾಡಿದಳು. ಮಳೆ ನೀರು ಮಣ್ಣಿನೊಳಗೆ ತುಂಬಿದರೆ ಕಣಗಳ ನಡುವಿನ ಒತ್ತಡ ಏರುತ್ತೆ, ಮಣ್ಣು ಹಿಡಿತ ಬಿಡುತ್ತೆ, ಬುಡವನ್ನು ರಸ್ತೆಗೋ ಮನೆಗೋ ಅಂತ ನೆಟ್ಟಗೆ ಕಡಿದಿದ್ದರೆ ಆಮೇಲೆ ತಡೆಯೋಕೆ ಏನೂ ಇರಲ್ಲ. ಬೇರೆ ಹೊತ್ತಾಗಿದ್ದರೆ 'ಲೆಕ್ಚರ್ ಸಾಕು' ಅಂತಿದ್ವಿ. ಅವನು ಮಾತ್ರ ಒಂದೊಂದನ್ನೂ ಕೇಳಿ ತಿಳಿದುಕೊಂಡ. ಕಲ್ಲಿನ ನಡುವೆ ಸಂದಿ ಇರೋದರಿಂದ ಈ ಗೋಡೆ ನೀರನ್ನು ಹಿಡಿದಿಡಲ್ಲ ಅಂದಾಗ, ಅಂಗೈಯಿಂದ ಗೋಡೆಯನ್ನು ಎರಡು ಸಲ ತಟ್ಟಿದ.

ಆ ವರ್ಷ ರಸ್ತೆಯೇ ಹೋಗಿ ಓಟ ನಿಂತಿತು. 2019ರಲ್ಲಿ ಮತ್ತೆ ಮಳೆ, ಆಮೇಲೆ ಕೊರೊನಾ. ಇಲ್ಲಿನ ಎಷ್ಟೋ ಮನೆಯವರು ಈಗ ಕುಶಾಲನಗರದಲ್ಲಿ ಬಾಡಿಗೆಗೆ ಇದ್ದಾರೆ. ಈ ಭಾಗದ ಸಂತ್ರಸ್ತರಿಗಾಗಿ ಜಂಬೂರು, ಕರ್ಣಂಗೇರಿಯಲ್ಲಿ ಕಟ್ಟಿಕೊಟ್ಟ ಬಡಾವಣೆಗಳಿಗೂ ಕೆಲವರು ಹೋಗಿದ್ದಾರೆ. ಓಟದ ದಿನ ಎಲ್ಲರೂ ಮೇಲೆ ಬರ್ತಾರೆ, ಓಡದವರೂ ಬರ್ತಾರೆ. ರಿಜಿಸ್ಟರ್‌ನಲ್ಲಿ 'ಊರು' ಅನ್ನುವ ಕಡೆ ಹಳೇ ಹೆಸರೇ ಬರೆಯುತ್ತಾರೆ. ಅವನು ಬಂದಿದ್ದು ಇದೇ ಮೊದಲ ಸಲ. ಒಬ್ಬನೇ ಬರೋಕೆ ಆಗ್ತಿರಲಿಲ್ಲ, ಅದಕ್ಕೆ ತಂಡ ಅಂತ ಕಾರಣ ಮಾಡಿ ನಮ್ಮನ್ನು ಕರೆದ. ಓಡಿ ದಾಟಿಬಿಡ್ತೀನಿ ಅಂದುಕೊಂಡಿದ್ದನಂತೆ. ಹಿಂದಿನಿಂದ ಬಂದ ಅಂಕಲ್ ಪಕ್ಕದಲ್ಲಿ ನಿಂತು, ತಮ್ಮ ಹಳೇ ಮನೆ ಜಾಗ ಅದರ ಕೆಳಗೇ ಇದೆ ಅಂತ ತೋರಿಸಿದರಂತೆ.

'ಸಾರಿ ಕಣೋ' ಅಂತ ನಮ್ಮಲ್ಲೊಬ್ಬ ಅಂದ. 'ನೀವು ನಿಂತಿದ್ದರೆ ನಾನು ಅಳ್ತಿದ್ದೆ, ಹೋಗಿದ್ದೇ ಒಳ್ಳೇದಾಯ್ತು' ಅಂದ ಅವನು. ಅದು ನಿಜವೋ, ನಮಗೋಸ್ಕರ ಹೇಳಿದ್ದೋ, ಇವತ್ತಿಗೂ ನಾಲ್ವರಲ್ಲಿ ಒಮ್ಮತ ಇಲ್ಲ.

ಕತ್ತಲಾಗ್ತಿತ್ತು. 'ಆನೆ ಬರೋ ಹೊತ್ತು, ನಡೀರಿ' ಅಂದ. ತಮಾಷೆ ಅಂದುಕೊಂಡು ನಕ್ಕೆವು. ಅವನು ನಗಲಿಲ್ಲ. ಆ ಇಳಿಜಾರನ್ನು ಐದೂ ಜನ ಎಷ್ಟು ನಿಮಿಷದಲ್ಲಿ ಓಡಿದೆವು ಅಂತ ಗೊತ್ತಿಲ್ಲ, ವಾಚುಗಳು ಬ್ಯಾಗಿನಲ್ಲಿದ್ದವು. ಶಾಲೆ ಮುಟ್ಟುವಷ್ಟರಲ್ಲಿ ಕಡಂಬುಟ್ಟು ಖಾಲಿಯಾಗಿತ್ತು. ರಿಜಿಸ್ಟರ್ ಆಂಟಿ ನಮಗೆ ಅಂತ ಅಕ್ಕಿ ರೊಟ್ಟಿ, ಕಾಡು ಮಾವಿನ ಹಣ್ಣಿನ ಸಾರು ಎತ್ತಿಟ್ಟಿದ್ದರು. ಐದು ತಟ್ಟೆ ಹಾಕಿ, ಮುಂದಿನ ವರ್ಷಕ್ಕೆ ತಂಡದ ಹೆಸರು ಈಗಲೇ ಬರೆದುಕೊಳ್ಳಲಾ ಅಂತ ಕೇಳಿದರು.