ಐದು ತಪ್ಪಿನ ಲೆಕ್ಕ

ಪ್ರತಿಯೊಂದು ಸರ್ವರೂ ತನ್ನದೇ ಆದ ದಿನವಹಿಯನ್ನು ಬರೆದಿಡುತ್ತದೆ. ಯಾರು ಎಷ್ಟು ಹೊತ್ತಿಗೆ ಪ್ರವೇಶ ಕೋರಿದರು, ಯಾರ ಪಾಸ್‌ವರ್ಡ್ ತಪ್ಪಿತು, ಯಾವ ಸೇವೆ ನಿಂತುಹೋಯಿತು ಎಂಬುದೆಲ್ಲ ಅಲ್ಲಿ ಸಾಲುಸಾಲಾಗಿ ದಾಖಲಾಗುತ್ತದೆ. ಇದಕ್ಕೆ ಲಾಗ್ ಎಂದು ಹೆಸರು. ಬರೆಯುವುದು ಯಂತ್ರಕ್ಕೆ ಸುಲಭ. ಅಷ್ಟನ್ನೂ ಓದಿ ಮುಗಿಸುವುದು ಮನುಷ್ಯನ ಅಳವಲ್ಲ. ಆದುದರಿಂದ ಓದುವ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸಲಾಗಿದೆ. ಆದರೆ ಯಾವುದನ್ನು ಅಪರಾಧವೆಂದು ಎಣಿಸಬೇಕು ಎಂಬುದನ್ನು ಮನುಷ್ಯನೇ ಹೇಳಿಕೊಡಬೇಕು.

ಲಿನಕ್ಸ್ ಸರ್ವರುಗಳಲ್ಲಿ ಬಳಕೆಯಲ್ಲಿರುವ ಫೇಲ್‌ಟುಬ್ಯಾನ್ ಎಂಬ ಉಚಿತ ತಂತ್ರಾಂಶ ಇಂತಹ ಒಬ್ಬ ಕಾವಲುಗಾರ. ಲಾಗನ್ನು ಎಡೆಬಿಡದೆ ಓದುವುದೇ ಅದರ ಕೆಲಸ. 10 ನಿಮಿಷಗಳೊಳಗೆ ಒಂದೇ ವಿಳಾಸದಿಂದ 5 ಸಲ ಪ್ರವೇಶ ವಿಫಲವಾದರೆ ಆ ವಿಳಾಸಕ್ಕೆ 10 ನಿಮಿಷ ಬಾಗಿಲು ಮುಚ್ಚಬೇಕೆಂಬುದು ಅದರ ಮೂಲ ನಿಯಮ. ಹಗಲಿರುಳೂ ಪಾಸ್‌ವರ್ಡ್ ಊಹಿಸುತ್ತ ಬರುವ ಕಳ್ಳ ತಂತ್ರಾಂಶಗಳನ್ನು ತಡೆಯಲು ಇದು ಒಳ್ಳೆಯ ಉಪಾಯ.

ಮಕ್ಕಳ ಪಾಠಗಳಿರುವ ಸರ್ವರಿಗೆ ಇದೇ ನಿಯಮವನ್ನು ಹಾಕಿದರೆ ಕಥೆ ಬೇರೆಯಾಗುತ್ತದೆ. ಶಾಲೆಯ ಕೋಣೆಯಲ್ಲಿ 20 ಕಂಪ್ಯೂಟರುಗಳಿದ್ದರೂ ಹೊರಗಿನ ಸರ್ವರಿಗೆ ಅವೆಲ್ಲ ಸಾಮಾನ್ಯವಾಗಿ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತವೆ. ಐದು ಮಕ್ಕಳು ಒಂದೊಂದು ಸಲ ತಪ್ಪಿದರೆ ಸಾಕು, ಇಡೀ ತರಗತಿಯೇ ಹೊರಗುಳಿಯುತ್ತದೆ. ಕನ್ನಡ ಶಾಲೆಯಲ್ಲಂತೂ ಈ ತಪ್ಪಿಗೆ ಇನ್ನೊಂದು ದಾರಿಯಿದೆ. ಕನ್ನಡದಲ್ಲಿ ಬರೆದು ಮುಗಿಸಿದ ಮಗು ಕೀಲಿಮಣೆಯನ್ನು ಇಂಗ್ಲಿಷಿಗೆ ಬದಲಿಸಲು ಮರೆತಿರಬಹುದು. ಪಾಸ್‌ವರ್ಡಿನ ಜಾಗದಲ್ಲಿ ಬರಿಯ ಚುಕ್ಕೆಗಳೇ ಕಾಣುವುದರಿಂದ ತಪ್ಪು ಎಲ್ಲಿದೆಯೆಂದು ಅದಕ್ಕೆ ತಿಳಿಯುವುದಿಲ್ಲ. ಮತ್ತೆ ಮತ್ತೆ ಅದನ್ನೇ ಒತ್ತುತ್ತದೆ. ಕಳ್ಳನ ಯತ್ನಕ್ಕೂ ಮಗುವಿನ ಮರೆವಿಗೂ ಲಾಗಿನಲ್ಲಿ ಒಂದೇ ಬಗೆಯ ಸಾಲು.

ಈ ತಂತ್ರಾಂಶದ ಪರಿಭಾಷೆಯಲ್ಲಿ ಪ್ರತಿಯೊಂದು ನಿಯಮಕ್ಕೂ ‘ಜೈಲ್’ ಎಂದೇ ಹೆಸರು. ಆದರೆ ಅದರ ಬೀಗದ ಕೈ ನಿರ್ವಾಹಕರ ಕೈಯಲ್ಲಿದೆ. ತಪ್ಪಿನ ಮಿತಿಯನ್ನು ಐದರಿಂದ ಏರಿಸಬಹುದು; ಶಿಕ್ಷೆಯ ಅವಧಿಯನ್ನು ಇಳಿಸಬಹುದು. ‘ಇಗ್ನೋರ್‌ಐಪಿ’ ಎಂಬಲ್ಲಿ ಶಾಲೆಯ ವಿಳಾಸವನ್ನು ಬರೆದರೆ ಅದಕ್ಕೆ ಪೂರ್ಣ ವಿನಾಯಿತಿ. ಆದರೆ ಶಾಲೆಯ ಯಾವುದಾದರೂ ಕಂಪ್ಯೂಟರಿಗೆ ವೈರಸ್ ತಗಲಿದರೆ ಆ ವಿನಾಯಿತಿ ಅದಕ್ಕೂ ದಕ್ಕುತ್ತದೆ. ಆದುದರಿಂದ ಕಾವಲನ್ನೇ ತೆಗೆಯುವುದಕ್ಕಿಂತ ಮಿತಿಯನ್ನು ಸಡಿಲಿಸುವುದು ಲೇಸು. ಇಂತಹ ಬದಲಾವಣೆಗಳನ್ನು ಮೂಲ ಕಡತದಲ್ಲಿ ಮಾಡದೆ ‘ಜೈಲ್.ಲೋಕಲ್’ ಎಂಬ ಪ್ರತ್ಯೇಕ ಕಡತದಲ್ಲಿ ಬರೆಯಬೇಕು. ಇಲ್ಲವಾದರೆ ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಅವು ಅಳಿಸಿಹೋಗಬಹುದು.

ಐದು ಎಂಬ ಅಂಕಿಯನ್ನು ಗೊತ್ತುಮಾಡಿದವರು ಈ ಮಕ್ಕಳನ್ನು ಕಂಡವರಲ್ಲ. ಅದು ಅವರ ತಪ್ಪೂ ಅಲ್ಲ. ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಕಂಪ್ಯೂಟರ್ ಪಾಠ ಯಾವ ಗಂಟೆಗೆ, ಅವರು ಯಾವ ಲಿಪಿಯಲ್ಲಿ ಬರೆಯುತ್ತಾರೆ ಎಂಬುದು ಗೊತ್ತಿರುವುದು ಶಾಲೆಯ ಅಧ್ಯಾಪಕರಿಗೆ. ಅವರನ್ನು ಒಂದು ಮಾತು ಕೇಳಿದ ಮೇಲೆಯೇ ಆ ಅಂಕಿಯನ್ನು ತುಂಬುವುದು ನ್ಯಾಯ.